ನಾನು ಮಾಡಿದ ಎರಡು ಫೋನು

ಬಾತ್‌ರೂಮಿನ ಬಾಗಿಲ ಹೊರಗೆ ಫೋನು ಹಿಡಿದು ಕೂತು ಎರಡು ಗಂಟೆಯಾಗಿತ್ತು. ಒಳಗೆ ನನ್ನ ಗಂಡ. ನಾಲ್ಕು ದಿನದಿಂದ ನಿದ್ದೆಯಿಲ್ಲ. ಗೋಡೆಯೊಳಗೆ ಯಾರೋ ಕೂತು ತಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನುತ್ತಿದ್ದರು. ಅವರ ಆಫೀಸಿಗೆ ಜ್ವರವೆಂದು ಹೇಳಿದ್ದೆ. ಸಾರು ತರಲೇ ಎಂದ ಪ್ಲೆಸೆಂಟನ್ ಊರಿನ ಗೆಳತಿಗೆ, ಬೇಡ, ನಿನಗೂ ಅಂಟೀತು ಎಂದಿದ್ದೆ. ಹಾಡಹಗಲೇ ಕಿಟಕಿಯ ಬ್ಲೈಂಡ್ಸ್ ಎಳೆದಿದ್ದೆ. ಮರ್ಯಾದೆ ಕಾಪಾಡಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

"ರೀ, ಯಾರನ್ನಾದ್ರೂ ಕರೀತೀನಿ. ಬಾಗಿಲು ತೆಗೀರಿ."

"ಬ್ಯಾಡ. ಪೊಲೀಸರು ಬರ್ತಾರ. ನನ್ನ ಬಣ್ಣಾ ನೋಡಿ ಹೊಡದ ಹಾಕ್ತಾರ."

ಗೋಡೆಯೊಳಗಿನವರ ಮಾತು ಕಾಯಿಲೆಯದು. ಈ ಅಮೆರಿಕದಲ್ಲಿ ಪೊಲೀಸರ ಮಾತು ಕಾಯಿಲೆಯದಲ್ಲ ಎಂದು ನನಗೆ ಗೊತ್ತಿತ್ತು. ಕರೆದರೂ ಭಯ, ಕರೆಯದಿದ್ದರೂ ಭಯ.

ಹಿಂದಿನ ವರ್ಷ ಇದೇ ಬ್ಲೈಂಡ್ಸ್ ಸಂದಿಯಿಂದ ನೋಡಿದ್ದೆ. ಪಕ್ಕದ ಮನೆಯವರು ಕಪ್ಪು ಜನಾಂಗದವರು. ಆ ಮನೆಯಾಕೆಯ ತಮ್ಮ ಬರಿಗಾಲಲ್ಲಿ ನಮ್ಮ ಡ್ರೈವ್‌ವೇಯಲ್ಲಿ ನಿಂತು ಒಬ್ಬನೇ ಕೂಗಾಡುತ್ತಿದ್ದ. ನನ್ನ ಕಾರು ಕೆಟ್ಟು ನಿಂತಾಗ ತಳ್ಳಿಕೊಟ್ಟವನು ಅವನೇ. ಆದರೂ ಪೊಲೀಸರ ತುರ್ತು ನಂಬರು 911ಕ್ಕೆ ಫೋನು ಮಾಡಿ, ಯಾರೋ ಕಪ್ಪು ಗಂಡಸು, ನನಗೆ ಭಯವಾಗುತ್ತಿದೆ ಎಂದೆ. ಹೆಸರು ಗೊತ್ತಿತ್ತು, ಹೇಳಲಿಲ್ಲ. ಮೂರು ಕಾರು ಬಂದವು. ಬಂದೂಕು ಹಿಡಿದು ಅವನನ್ನು ನೆಲಕ್ಕೆ ಕೆಡವಿ, ಬೆನ್ನ ಮೇಲೆ ಮಂಡಿಯೂರಿ, ಕೈ ತಿರುಚಿ ಕೋಳ ಹಾಕಿದರು. ಅವನ ಬಲಗೈ ಇವತ್ತಿಗೂ ನೆಟ್ಟಗೆ ಏಳುವುದಿಲ್ಲ.

ಈಗ ಬಾಗಿಲ ಬೆಲ್ ಆಯಿತು. ನೋಡಿದರೆ ಆ ಪಕ್ಕದ ಮನೆಯಾಕೆಯೇ. ನನ್ನ ಗಂಡ ಗೋಡೆ ಗುದ್ದುವ ಸದ್ದು ಅವಳಿಗೂ ಕೇಳಿಸಿತ್ತು. ನನ್ನ ಮುಖ ನೋಡಿದವಳು ತನ್ನ ಮನೆಗೆ ಓಡಿಹೋಗಿ ಒಂದು ಚೀಟಿ ತಂದಳು. ಅದರಲ್ಲಿ ಪೊಲೀಸರಿಲ್ಲದೆ ಬರುವ ಮಾನಸಿಕ ಆರೋಗ್ಯ ತಂಡದ ನಂಬರಿತ್ತು. ಕೆಳಗೆ, ಏನು ಹೇಳಬೇಕೆಂದು: ಹೆಸರು ಹೇಳು. ಕಾಯಿಲೆ ಎನ್ನು. ಕೈಯಲ್ಲಿ ಏನೂ ಇಲ್ಲ ಎನ್ನು. ಭಯ ಎನ್ನಬೇಡ.

"ಚಾಕುಗಳನ್ನೆಲ್ಲ ನನ್ನ ಮನೇಲಿಡು," ಎಂದಳು. ಚಾಕುಗಳ ಜೊತೆ ಅಮ್ಮ ಕೊಟ್ಟ ಈಳಿಗೆಮಣೆಯನ್ನೂ ಟವೆಲ್ಲಿನಲ್ಲಿ ಸುತ್ತಿಕೊಟ್ಟೆ. ಇದೇನು ಆಯುಧ ಎಂಬಂತೆ ನೋಡಿದಳು. "ತರಕಾರಿ ಹೆಚ್ಚೋದು," ಎಂದೆ.

ಚೀಟಿ ನೋಡಿಕೊಂಡೇ ಫೋನು ಮಾಡಿದೆ. ಮಾಮೂಲಿ ಬಟ್ಟೆ ತೊಟ್ಟ ಇಬ್ಬರು ಬಂದರು. ಬಾಗಿಲ ಹೊರಗೆ ನೆಲದ ಮೇಲೆ ಕೂತು, ಇವರನ್ನು ಹೆಸರು ಹಿಡಿದು ಕರೆಯುತ್ತ, ಗಂಟೆಗಟ್ಟಲೆ ಮಾತಾಡಿದರು. ಕೊನೆಗೆ ಚಿಲಕ ಸರಿಯಿತು. ನನ್ನ ಗಂಡ ತಮ್ಮ ಕಾಲಲ್ಲೇ ನಡೆದು ಹೋಗಿ ಆಸ್ಪತ್ರೆಗೆಂದು ಅವರ ಕಾರು ಹತ್ತಿದರು.

ನಾನೂ ಹತ್ತುವ ಮುಂಚೆ ಆಕೆಯ ಕೈ ಹಿಡಿದುಕೊಂಡೆ. "ಇದೆಲ್ಲ ನಿನಗೆ ಹೇಗೆ ಗೊತ್ತು?"

"ತಮ್ಮನಿಗೆ ಹಾಗಾದ ಮಾರನೇ ದಿನ ಬರೆದಿಟ್ಟೆ. ಯಾರೋ ಭಯವಾಗ್ತಿದೆ ಅಂತ ಫೋನ್ ಮಾಡಿದ್ರಂತೆ. ಇನ್ನೊಂದ್ಸಲ ಆದ್ರೆ ಅವರಿಗಿಂತ ಮೊದಲು ನಾನೇ ಮಾಡ್ಬೇಕು ಅಂತ."

ಆ ಯಾರೋ ನಾನೇ ಎನ್ನಬೇಕಿತ್ತು. ಕೈ ಬಿಟ್ಟು ಕಾರು ಹತ್ತಿದೆ.

ಗಂಡ ಈಗ ಹುಷಾರಾಗಿದ್ದಾರೆ. ಬ್ಲೈಂಡ್ಸ್ ತೆಗೆದಿದ್ದೇನೆ. ಈಳಿಗೆಮಣೆ ಇನ್ನೂ ಪಕ್ಕದ ಮನೆಯಲ್ಲೇ ಇದೆ. ಕೇಳಲು ಹೋದಾಗಲೆಲ್ಲ ಆಕೆ ಕೂರಿಸಿ ಕಾಫಿ ಕೊಡುತ್ತಾಳೆ. ಎದುರಿಗೆ ಅವಳ ತಮ್ಮ ಎಡಗೈಯಲ್ಲಿ ಲೋಟ ಹಿಡಿದು, ನಿನ್ನ ಗಂಡ ಹೇಗಿದ್ದಾರೆ ಎಂದು ಕೇಳುತ್ತಾನೆ. ನಾನು ಈಳಿಗೆಮಣೆ ಕೇಳದೆ ವಾಪಸು ಬರುತ್ತೇನೆ.