ಆಗಲ್ಲ ಅಂದ ಗಿರಿಜಮ್ಮ

ಕಳೆದ ವಾರ ಕನ್ನಡಕ ಬದಲಾಯಿಸಲು ಸಾಗರಕ್ಕೆ ಹೋಗಿದ್ದೆ. ಹೊಸನಗರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿಗೆ ನುಗ್ಗಿ ಕೂತೆ. ಗಲ್ಲಾದ ಹಿಂದಿನ ಗೋಡೆಗೆ ಹೊಸದಾಗಿ ಒಂದು ಚೀಟಿ ಅಂಟಿಸಿದ್ದರು: 'ದಯವಿಟ್ಟು ಸ್ಪೆಷಲ್ ಆರ್ಡರ್ ಕೇಳಬೇಡಿ.' ಪಕ್ಕದ ಟೇಬಲಿನ ಯುವಕನೊಬ್ಬನಿಗೆ ಈರುಳ್ಳಿ ಇಲ್ಲದ ಪಲ್ಯದ ಮಸಾಲೆದೋಸೆ ಬೇಕಿತ್ತು. ಸಪ್ಲೈಯರು ಚೀಟಿಯ ಕಡೆ ಕೈ ತೋರಿಸಿದ. ಯುವಕನಿಗೆ ಪಿತ್ತ ನೆತ್ತಿಗೇರಿತು.

"ದುಡ್ಡು ಕೊಡೋರು ನಾವು ತಾನೆ? ಇವರಿಗೆ ಇಷ್ಟು ಮಾಡೋಕಾಗಲ್ವಾ? ನೀವೇ ಹೇಳಿ ಸಾರ್" ಎಂದು ನನ್ನ ಕಡೆ ತಿರುಗಿದ.

"ಆಗಲ್ಲ ಅಂತ ಮೊದಲೇ ಹೇಳಿದ್ರಲ್ಲ, ಪುಣ್ಯಾತ್ಮರು" ಎಂದೆ.

ಅವನು ನನ್ನನ್ನು ಹೋಟೆಲಿನವರ ಕಡೆಯವನೇ ಇರಬೇಕು ಅನ್ನುವ ಹಾಗೆ ನೋಡಿದ. ಅವನ ತಪ್ಪಲ್ಲ ಬಿಡಿ. ಹದಿಮೂರು ವರ್ಷದ ಹಿಂದೆ ನಾನು ಅವನಿಗಿಂತ ಎರಡು ಪಟ್ಟು ಜೋರಾಗಿ ಕೂಗುತ್ತಿದ್ದೆ. ಮನೆಯಲ್ಲಿ ಬಡಿಸಿದ್ದನ್ನು ತಲೆ ತಗ್ಗಿಸಿ ಉಣ್ಣುವ ನಾನು ಹೋಟೆಲಿನ ಕುರ್ಚಿಯಲ್ಲಿ ಕೂತ ತಕ್ಷಣ ಪಾಳೇಗಾರನಾಗಿಬಿಡುತ್ತಿದ್ದೆ. ದೋಸೆ ಕೆಂಪಗಾಗಬೇಕು, ಆದರೆ ಸೀಯಬಾರದು. ಪಲ್ಯ ಒಳಗೆ ಬೇಡ, ಪಕ್ಕದಲ್ಲಿರಲಿ. ವಡೆ ಸಾಂಬಾರಿನಲ್ಲಿ ಮುಳುಗಬಾರದು, ಬರೀ ಒದ್ದೆಯಾದರೆ ಸಾಕು. ಕಾಫಿಗೆ ಡಿಕಾಕ್ಷನ್ ಮುಂದು, ಸಕ್ಕರೆ ಹಿಂದು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನಾದ್ದರಿಂದ ಎಲ್ಲವನ್ನೂ ಅಳತೆಯ ಸಮೇತ ಹೇಳುವ ಚಾಳಿ. ನಾನು ಆರ್ಡರ್ ಕೊಡಲು ಶುರು ಮಾಡಿದೆನೆಂದರೆ ಹೆಂಡತಿ ಸುಮಾ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಒಮ್ಮೆ ಎಷ್ಟು ಹೊತ್ತಾದರೂ ಬರದಿದ್ದಾಗ ಹೋಗಿ ನೋಡಿದರೆ, ನಲ್ಲಿಯ ಹತ್ತಿರ ಸುಮ್ಮನೆ ನಿಂತಿದ್ದಳು. "ಮುಗೀತಾ ನಿಮ್ಮ ಪಾಠ?" ಎಂದು ಕೇಳಿದಳು.

ಆದರೆ ನಾನು ಹೇಳಹೊರಟದ್ದು ನಾಲಿಗೆಯ ಚಪಲದ ಕತೆಯಲ್ಲ.

ನಮ್ಮ ಮಗಳು ಚೈತ್ರಾಗೆ ನಾಲ್ಕು ವರ್ಷವಿದ್ದಾಗ ನೆಂಟರ ಮನೆಯಲ್ಲಿ ಯಾರೋ ಒಂದು ಚೂರು ಶೇಂಗಾ ಚಿಕ್ಕಿ ಕೈಗಿತ್ತರು. ಹತ್ತು ನಿಮಿಷದೊಳಗೆ ಮಗುವಿನ ತುಟಿ ದಪ್ಪಗಾಯಿತು, ಮೈತುಂಬಾ ದದ್ದು ಎದ್ದಿತು, ಉಸಿರು ಸಿಳ್ಳೆ ಹೊಡೆದ ಹಾಗೆ ಬರತೊಡಗಿತು. ಶಿವಮೊಗ್ಗದ ಡಾಕ್ಟರು ಪರೀಕ್ಷೆ ಮಾಡಿ, "ಇವಳಿಗೆ ಶೇಂಗಾ ಅಂದ್ರೆ ವಿಷ ಅಂತ ತಿಳ್ಕೊಳ್ಳಿ. ಕಾಳು ಬಿಡಿ, ಅದರ ಪುಡಿ ತಾಗಿದ್ರೂ ಕಷ್ಟ" ಎಂದರು. ಮತ್ತೆ ಹೀಗಾದರೆ ತಕ್ಷಣ ಕೊಡಬೇಕಾದ ಇಂಜೆಕ್ಷನ್ನು ಬರೆದುಕೊಟ್ಟು, ಅದನ್ನು ತೊಡೆಗೆ ಚುಚ್ಚುವುದು ಹೇಗೆಂದು ಸುಮಾಗೆ ಕಲಿಸಿದರು. ನನಗೂ ಕಲಿಸಲು ನೋಡಿದರು. ನನ್ನ ಕೈ ನಡುಗುವುದನ್ನು ಕಂಡು ಬಿಟ್ಟುಬಿಟ್ಟರು. ಬಸ್ಸಿನಲ್ಲಿ ಹೊಸನಗರಕ್ಕೆ ವಾಪಸು ಬರುವಾಗ ಸುಮಾ ಕಿಟಕಿಯಿಂದಾಚೆ ನೋಡುತ್ತಾ, "ಇನ್ನು ಇವಳು ಯಾರ ಮನೆಯಲ್ಲೂ ಉಣ್ಣೋ ಹಾಗಿಲ್ಲ" ಎಂದಳು. ನಾನು ಆಗಲೇ ಮನಸ್ಸಿನಲ್ಲಿ ಪಣ ತೊಟ್ಟೆ. ಹಾಗೇನಿಲ್ಲ, ನನ್ನ ಮಗಳು ಎಲ್ಲರ ಹಾಗೆ ಎಲ್ಲ ಕಡೆಯೂ ಉಣ್ಣುತ್ತಾಳೆ, ಕೇಳುವುದಕ್ಕೆ ನಾನಿದ್ದೇನೆ.

ಊರಿನವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಬಡವರ ಬಾದಾಮಿ ತಿಂದು ಯಾರಾದರೂ ಕಾಯಿಲೆ ಬೀಳುತ್ತಾರೆಯೆ? "ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ ಮೇಷ್ಟ್ರೇ" ಎಂದು ಬುದ್ಧಿ ಹೇಳಿದವರೂ ಇದ್ದರು.

ಆರು ತುಂಬಿದ ಮೇಲೆ ಚೈತ್ರಾ ಒಂದೇ ಹಟ ಹಿಡಿದಳು. ಹೋಟೆಲಿನಲ್ಲಿ ಕೂತು ತಿನ್ನಬೇಕು. ಅವಳ ಗೆಳತಿಯರೆಲ್ಲ ತಿಂದಿದ್ದಾರೆ, ಅವಳೊಬ್ಬಳೇ ತಿಂದಿಲ್ಲ. ಸರಿ, ಒಂದು ಭಾನುವಾರ ಬೆಳಿಗ್ಗೆ ಮೂವರೂ ಹೊಸನಗರದ ಗಿರಿಜಮ್ಮನ ಹೋಟೆಲಿಗೆ ಹೋದೆವು. ಆರು ಟೇಬಲಿನ ಚಿಕ್ಕ ಹೋಟೆಲು. ಗಂಡ ತೀರಿಕೊಂಡ ಮೇಲೆ ಗಿರಿಜಮ್ಮ ಒಬ್ಬರೇ ನಡೆಸುತ್ತಿದ್ದರು. ಒಲೆಯ ಮುಂದೆಯೂ ಅವರೇ, ಗಲ್ಲಾದ ಮುಂದೆಯೂ ಅವರೇ. ಎತ್ತರದ ಆಳು, ಮಾತು ಕಡಿಮೆ.

ನಾನು ವಿಷಯವನ್ನೆಲ್ಲ ವಿವರವಾಗಿ ಹೇಳಿದೆ. ಅವರು ಸೌಟನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಆಗಲ್ಲ ಮೇಷ್ಟ್ರೇ" ಎಂದರು.

"ಚಟ್ನಿ ಬೇಡ. ಬರೀ ಇಡ್ಲಿ ಕೊಡಿ, ಸಾಕು."

"ಬರೀ ಇಡ್ಲಿನೂ ಕೊಡಲ್ಲ."

"ಇಡ್ಲಿಗೆ ಶೇಂಗಾ ಹಾಕ್ತೀರಾ?"

"ಹಾಕಲ್ಲ. ಆದ್ರೂ ಕೊಡಲ್ಲ. ನೀವಿಬ್ಬರು ತಿನ್ನೋದಾದ್ರೆ ಕೂತ್ಕೊಳ್ಳಿ. ಮಗುಗೆ ಇಲ್ಲಿ ಏನೂ ಇಲ್ಲ."

ಹೋಟೆಲು ತುಂಬಾ ಜನ. ನನ್ನ ಹಳೆಯ ವಿದ್ಯಾರ್ಥಿಗಳು ಇಬ್ಬರು ಮೂಲೆಯಲ್ಲಿ ಕೂತಿದ್ದರು. ಚೈತ್ರಾ ಆಗಲೇ ಕುರ್ಚಿ ಹತ್ತಿ ಕೂತು ಕಾಲು ಆಡಿಸುತ್ತಿದ್ದವಳು ನಿಧಾನವಾಗಿ ಇಳಿದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಗುವಿಗೆ ಒಂದು ಇಡ್ಲಿ ಕೊಡಲಾರದವರು ಹೋಟೆಲು ಯಾಕೆ ಇಡಬೇಕು, ಇದು ಸೊಕ್ಕಲ್ಲದೆ ಇನ್ನೇನು ಎಂದೆಲ್ಲ ಕೂಗಾಡಿದೆ. ಗಿರಿಜಮ್ಮ ದೋಸೆ ತಿರುವಿ ಹಾಕಲು ಹೋದರು. ಮರುದಿನ ಸ್ಟಾಫ್‌ರೂಮಿನಲ್ಲಿ ಕತೆಗೆ ಉಪ್ಪುಖಾರ ಹಚ್ಚಿ ಹೇಳಿ, ನಾಲ್ಕು ಜನ ಮೇಷ್ಟ್ರು ಅಲ್ಲಿಗೆ ಕಾಫಿಗೆ ಹೋಗದ ಹಾಗೆ ಮಾಡಿದೆ. ಆ ಕಡೆ ಹೋಗುವಾಗ ರಸ್ತೆ ದಾಟಿ ಆಚೆ ಬದಿಯಲ್ಲೇ ನಡೆಯುತ್ತಿದ್ದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಒಲೆಯ ಮುಂದೆ ಬೆವರುತ್ತಿದ್ದ ಆ ಹೆಂಗಸಿಗೆ ನಾನು ರಸ್ತೆಯ ಯಾವ ಬದಿಯಲ್ಲಿ ಹೋಗುತ್ತೇನೆಂದು ನೋಡುವಷ್ಟು ಪುರುಸೊತ್ತು ಎಲ್ಲಿತ್ತು?

ಎರಡು ತಿಂಗಳ ನಂತರ ತೀರ್ಥಹಳ್ಳಿಯಲ್ಲಿರುವ ಸುಮಾಳ ಅಕ್ಕನನ್ನು ನೋಡಲು ಹೊರಟೆವು. ಬಸ್ಸಿಳಿದಾಗ ಮಗುವಿಗೆ ಹಸಿವು. ಅಲ್ಲೊಂದು ದೊಡ್ಡ ಹೋಟೆಲಿಗೆ ಹೋಗಿ ಸಪ್ಲೈಯರಿಗೆ ಎಲ್ಲ ಹೇಳಿದೆ. ಮೂವತ್ತು ದಾಟಿದ, ನಗುಮುಖದ ಮನುಷ್ಯ. ನನ್ನ ಮಾತು ಮುಗಿಯುವ ಮುಂಚೆಯೇ "ಆಯ್ತು ಸಾರ್, ಶೇಂಗಾ ಹಾಕ್ಸಲ್ಲ. ಪಾಪುಗೆ ಬಿಸಿಬಿಸಿ ಚಿತ್ರಾನ್ನ ತರ್ತೀನಿ" ಎಂದ. ನಾನು ಗೆದ್ದವನ ಹಾಗೆ ಸುಮಾ ಕಡೆ ನೋಡಿ, "ನೋಡು, ಹೋಟೆಲು ಅಂದ್ರೆ ಹೀಗಿರಬೇಕು" ಎಂದೆ. ಚಿತ್ರಾನ್ನ ಬಂತು. ಚಮಚದಿಂದ ಕೆದಕಿ ಕೆದಕಿ ನೋಡಿದೆ, ಒಂದು ಕಾಳೂ ಇರಲಿಲ್ಲ. ಚೈತ್ರಾ ಎರಡೂ ಮೊಣಕೈ ಟೇಬಲಿನ ಮೇಲೂರಿ, ದೊಡ್ಡವರ ಹಾಗೆ ತಿನ್ನತೊಡಗಿದಳು.

ನಾಲ್ಕನೆಯ ತುತ್ತಿಗೆ ಚಮಚ ಕೆಳಗಿಟ್ಟಳು. "ಅಪ್ಪಾ, ಗಂಟಲು ಕಚ್ತಿದೆ" ಎಂದಳು.

ಆಮೇಲಿನದು ನನಗೆ ಬಿಡಿಬಿಡಿಯಾಗಿ ಮಾತ್ರ ನೆನಪಿದೆ. ಮಗಳ ಕಣ್ಣು ಊದಿಕೊಂಡು ಮುಚ್ಚಿಹೋದದ್ದು. ಸುಮಾ ಅವಳನ್ನು ಬೆಂಚಿನ ಮೇಲೆ ಮಲಗಿಸಿ ಬ್ಯಾಗಿನಿಂದ ಮದ್ದು ತೆಗೆದು ಚುಚ್ಚಿದ್ದು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಆ ಸಪ್ಲೈಯರು ಹೊರಗೆ ಓಡಿ ಆಟೋ ನಿಲ್ಲಿಸಿ, ಮಗುವನ್ನು ತಾನೇ ಎತ್ತಿಕೊಂಡು ಹತ್ತಿದ್ದು. ಆಸ್ಪತ್ರೆಯಲ್ಲಿ ಅವಳ ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕಿದಾಗ ಅದು ಅವಳಿಗೆ ತೀರ ದೊಡ್ಡದಾಗಿ ಕಂಡದ್ದು. ಎರಡು ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದು, "ಉಸಿರು ಸರಿಯಾಗ್ತಿದೆ. ಮನೆಯವರು ಸರಿಯಾದ ಹೊತ್ತಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ, ಇಲ್ಲದಿದ್ರೆ ಕಷ್ಟ ಇತ್ತು" ಎಂದರು.

ಸಪ್ಲೈಯರು ಅಲ್ಲಿಯವರೆಗೂ ಬಾಗಿಲ ಹತ್ತಿರವೇ ನಿಂತಿದ್ದ. ನಾನು ಎದ್ದು ಅವನ ಹತ್ತಿರ ಹೋದೆ. ಹೊಡೆಯಲೆಂದೇ ಹೋದೆನೋ ಏನೋ. ಅವನು ಅಳುತ್ತಿದ್ದ.

"ನಾನೇ ಕೂತು ಒಂದೊಂದೇ ಆರಿಸಿ ತೆಗೆದಿದ್ದೆ ಸಾರ್. ಒಂದೂ ಬಿಟ್ಟಿರಲಿಲ್ಲ. ದೇವರಾಣೆ."

ಅವನು ಸುಳ್ಳು ಹೇಳಿರಲಿಲ್ಲ. ಒಗ್ಗರಣೆಯಲ್ಲಿ ಹುರಿದ ಶೇಂಗಾವನ್ನು ಆರಿಸಿ ತೆಗೆಯಬಹುದು, ಅದು ಬಿಟ್ಟ ಎಣ್ಣೆಯನ್ನು ಅನ್ನದಿಂದ ಆರಿಸಲು ಬರುತ್ತದೆಯೆ? ಅವನಿಗೆ ನಮ್ಮನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಿರಲಿಲ್ಲ, ಅಷ್ಟೆ. ಕೇಳಿದವರಿಗೆ ಇಲ್ಲವೆನ್ನಲಾರದ ಒಳ್ಳೆಯತನ ಅವನದು. 'ಆಯ್ತು' ಎಂಬ ಮಾತನ್ನು ಅವನ ಬಾಯಿಂದ ಎಳೆದು ತೆಗೆಸಿದವನು ನಾನು. ಎತ್ತಿದ ಕೈಯನ್ನು ಅವನ ಭುಜದ ಮೇಲಿಟ್ಟೆ.

ಹೊಸನಗರಕ್ಕೆ ಬಂದ ಮೇಲೆ ಹತ್ತು ದಿನ ಹಿಂದೆಮುಂದೆ ನೋಡಿ, ಕೊನೆಗೊಂದು ಸಂಜೆ ಗಿರಿಜಮ್ಮನ ಹೋಟೆಲಿಗೆ ಹೋದೆ. ಜನ ಇರಲಿಲ್ಲ. ನಡೆದದ್ದನ್ನು ಹೇಳಿದೆ. ಕ್ಷಮಿಸಿ ಎನ್ನುವ ಮಾತೊಂದನ್ನು ಮಾತ್ರ ಹೇಳಲಾಗಲಿಲ್ಲ. ನಲವತ್ತು ಮಕ್ಕಳ ಮುಂದೆ ನಿರರ್ಗಳವಾಗಿ ಮಾತಾಡುವವನ ಪಾಡು ಇದು. ಗಿರಿಜಮ್ಮ ಮೊದಲು ಕೇಳಿದ್ದು, "ಮಗು ಈಗ ಹ್ಯಾಗಿದೆ?"

"ಚೆನ್ನಾಗಿದ್ದಾಳೆ."

"ಆಯ್ತು ಅನ್ನೋಕೆ ನಂಗೂ ಬರ್ತಿತ್ತು ಮೇಷ್ಟ್ರೇ. ಬಾಯಿಗೆ ಏನು ಕಷ್ಟ? ಆದ್ರೆ ನಮ್ಮನೆ ಚಟ್ನಿಗೆ ಶೇಂಗಾ ಬೀಳುತ್ತೆ, ಆ ಮಿಕ್ಸಿ ಅದಕ್ಕೂ ಅದೇ, ಇದಕ್ಕೂ ಅದೇ. ಚಟ್ನಿ ಬಡಿಸಿದ ಕೈಯಲ್ಲೇ ಇಡ್ಲಿ ತೆಗೀತೀನಿ. ಇರೋದು ಒಂದು ಜೊತೆ ಕೈ. ಭಾನುವಾರದ ಗಡಿಬಿಡೀಲಿ ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ. ನೀವು ಹ್ಯಾಗೆ ನಂಬ್ತೀರಿ?"

"ಅವತ್ತೇ ಹೀಗೆ ಹೇಳಿದ್ರೆ ಅರ್ಥ ಆಗ್ತಿತ್ತಲ್ಲ."

"ನೀವು ಹೇಳೋಕೆ ಬಿಟ್ರಾ?"

ಬಿಟ್ಟಿರಲಿಲ್ಲ. ಆದರೆ ನನ್ನ ಹಟ ಇನ್ನೂ ಪೂರ್ತಿ ಸತ್ತಿರಲಿಲ್ಲ. ಮಗಳು ಆಸ್ಪತ್ರೆಯಿಂದ ಬಂದವಳು ಅನ್ನದ ತಟ್ಟೆ ಕಂಡರೆ ಹೆದರುತ್ತಿದ್ದಳು, ಅಮ್ಮ ಮಾಡಿದ್ದನ್ನೂ ಮೂಸಿ ಮೂಸಿ ನೋಡುತ್ತಿದ್ದಳು. ಅದನ್ನು ಹೇಳಿ, ಏನಾದರೂ ಒಂದು ದಾರಿ ತೋರಿಸಿ ಎಂದು ಕೇಳಿದೆ. ಗಿರಿಜಮ್ಮ ಒಲೆ ಆರಿಸಿ ನನ್ನ ಕಡೆ ತಿರುಗಿದರು.

"ಮಂಗಳವಾರ ರಜ. ಎಲ್ಲ ತೊಳೆದು ಇಟ್ಟಿರ್ತೀನಿ. ಕರ್ಕೊಂಡು ಬನ್ನಿ" ಎಂದರು.

ಅಡುಗೆ ಮಾಡಿ ಹಾಕುತ್ತಾರೆಂದು ನಾನು ತಿಳಿದಿದ್ದೆ. ಮಂಗಳವಾರ ಹೋದಾಗ ಒಲೆಯೇ ಹಚ್ಚಿರಲಿಲ್ಲ. ಗಿರಿಜಮ್ಮ ಚೈತ್ರಾಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಂದೊಂದೇ ಪಾತ್ರೆ ತೋರಿಸಿದರು. "ಇದು ಮಿಕ್ಸಿ. ಇದರ ಬ್ಲೇಡಿನ ಕೆಳಗೆ ನೋಡು, ಎಷ್ಟು ತೊಳೆದ್ರೂ ಉಳಿಯುತ್ತೆ. ಇದು ಕರಿಯೋ ಬಾಣಲೆ. ಬೋಂಡಾಕ್ಕೆ ಶೇಂಗಾ ಇಲ್ಲ, ಆದ್ರೆ ಎಣ್ಣೆ ಶೇಂಗಾದ್ದು. ಇದು ಸೌಟು, ಎಲ್ಲಾ ಪಾತ್ರೆಗೂ ಹೋಗಿ ಬರುತ್ತೆ. ನೀನು ಎಲ್ಲಿಗೇ ಹೋಗು, ಶೇಂಗಾ ಇದೆಯಾ ಅಂತ ಕೇಳ್ಬೇಡ. ಇಲ್ಲ ಅಂತಾರೆ. ಯಾವ ಎಣ್ಣೆ, ಯಾವ ಮಿಕ್ಸಿ, ಯಾವ ಸೌಟು ಅಂತ ಕೇಳು. ಆಗಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ. ಬೇಗ ಆಯ್ತು ಅಂದ್ರೆ ಅಲ್ಲಿಂದ ಎದ್ದು ಬಾ."

ಆರು ವರ್ಷದ ಮಗು ಮಿಕ್ಸಿಯೊಳಗೆ ಇಣುಕಿ ನೋಡಿತು. ಹೆದರಿಕೆಯಾಗಬಹುದೆಂದು ನಾನಂದುಕೊಂಡಿದ್ದೆ. ಆಗಲಿಲ್ಲ. ಇಷ್ಟು ದಿನ ಎಲ್ಲಿಂದಲೋ ಬಂದು ಕತ್ತು ಹಿಸುಕುತ್ತಿದ್ದ ಭೂತದ ಮನೆ ಎಲ್ಲಿದೆಯೆಂದು ಅವಳಿಗೆ ಮೊದಲ ಸಲ ಗೊತ್ತಾಗಿತ್ತು.

ಹೊರಗೆ ಬಂದ ಮೇಲೆ ಗಿರಿಜಮ್ಮ ಗಲ್ಲಾದ ಮೇಲೆ ತೂಗುತ್ತಿದ್ದ ಗೊನೆಯಿಂದ ಒಂದು ಬಾಳೆಹಣ್ಣು ಕಿತ್ತು, ಹೊಸ ಎಲೆ ತೊಳೆದು ಹಾಸಿ, ಅದರ ಮೇಲಿಟ್ಟರು. "ನಾನು ಸುಲಿಯಲ್ಲ. ನೀನೇ ಕೈ ತೊಳ್ಕೊಂಡು ಸುಲ್ಕೋ. ನಮ್ಮ ಹೋಟೆಲಲ್ಲಿ ನಿಂಗೆ ಕೊಡೋಕಾಗೋದು ಇದೊಂದೇ" ಎಂದರು. ಚೈತ್ರಾ ಕುರ್ಚಿ ಹತ್ತಿ ಕೂತಳು. ಅಷ್ಟು ಗಂಭೀರವಾಗಿ ಯಾರೂ ಬಾಳೆಹಣ್ಣು ತಿಂದದ್ದನ್ನು ನಾನು ನೋಡಿಲ್ಲ.

ಅಲ್ಲಿಂದ ಮುಂದೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆವು. ನಮಗೆ ದೋಸೆ, ಅವಳಿಗೆ ಬಾಳೆಹಣ್ಣು. ಒಂದು ಸಲವೂ ಗಿರಿಜಮ್ಮ ಪಟ್ಟು ಸಡಿಲಿಸಲಿಲ್ಲ. ನನ್ನ ವಿಷಯದಲ್ಲೂ ಅಷ್ಟೆ. ಡಿಕಾಕ್ಷನ್ ಮುಂದು ಎಂದು ಅಪ್ಪಿತಪ್ಪಿ ಬಾಯಿಂದ ಬಂದರೆ, "ಎಲ್ಲರಿಗೂ ಒಂದೇ ಕಾಫಿ ಮೇಷ್ಟ್ರೇ" ಅನ್ನುತ್ತಿದ್ದರು. ಸ್ಟಾಫ್‌ರೂಮಿನ ನಾಲ್ಕು ಜನರನ್ನು ಅಲ್ಲಿಗೆ ವಾಪಸು ಕರೆತರಲು ನಾನು ಪಟ್ಟ ಪಾಡು ಬೇರೆಯೇ ಕತೆ. ಬಿಡಿಸುವುದಕ್ಕಿಂತ ಕೂಡಿಸುವುದು ಕಷ್ಟ.

ಮಗಳು ಕೇಳುತ್ತಾ ಕೇಳುತ್ತಾ ಬೆಳೆದಳು. ಸಾಗರದ ಒಂದು ಕ್ಯಾಂಟೀನಿನ ಭಟ್ಟರು ಅವಳ ಪ್ರಶ್ನೆಗಳಿಗೆ ರೇಗಿ, "ಇಷ್ಟೆಲ್ಲ ಕೇಳೋರು ಮನೇಲೇ ತಿನ್ಬೇಕಪ್ಪ" ಎಂದರು. ನಾನು ತೋಳೇರಿಸುವಷ್ಟರಲ್ಲಿ ಅವಳು, "ಆಗಲ್ಲ ಅಂತ ಹೇಳಿ ಅಂಕಲ್, ನಂಗೇನೂ ಬೇಜಾರಿಲ್ಲ. ಗೊತ್ತಾದ್ರೆ ಸಾಕು" ಎಂದಳು. ಭಟ್ಟರು ಮೆತ್ತಗಾಗಿ, "ಆಗಲ್ಲ ಕಣಮ್ಮ" ಎಂದರು. ಅವಳು ಥ್ಯಾಂಕ್ಸ್ ಹೇಳಿದಳು.

ಈಗ ಅವಳಿಗೆ ಹತ್ತೊಂಬತ್ತು. ಮೊನ್ನೆ ಸೋಮವಾರ ತೀರ್ಥಹಳ್ಳಿಯ ಹಾಸ್ಟೆಲಿಗೆ ಬಿಟ್ಟುಬರಲು ಹೋಗಿದ್ದೆ. ಅದೇ ಊರಿನಲ್ಲಿ ಓದುತ್ತೇನೆಂದು ಆರಿಸಿಕೊಂಡವಳು ಅವಳು. ನನಗೂ ಸುಮಾಗೂ ಆ ಊರೆಂದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಅಡುಗೆಯವರ ಹತ್ತಿರ ನಾನು ಮಾತಾಡುತ್ತೇನೆಂದರೆ, "ಬೇಡಪ್ಪ, ನೀನು ಇಲ್ಲೇ ಕೂತಿರು" ಎಂದು ಜಗಲಿಯ ಬೆಂಚು ತೋರಿಸಿ ಒಳಗೆ ಹೋದಳು. ಕಿಟಕಿಯಿಂದ ಮಾತು ಕೇಳುತ್ತಿತ್ತು.

"ಆಗಲ್ಲಮ್ಮ" ಎಂದಿತು ವಯಸ್ಸಾದ ಹೆಂಗಸಿನ ದನಿ. "ನೂರಿಪ್ಪತ್ತು ಜನಕ್ಕೆ ಬೇಯಿಸಬೇಕು. ನಿಂಗೊಬ್ಬಳಿಗೆ ಬೇರೆ ಮಾಡೋಕೆ ಎಲ್ಲಾಗುತ್ತೆ?"

"ಬೇರೆ ಮಾಡೋದು ಬೇಡ. ಅನ್ನ ಮೊದಲು ಇಳಿಸ್ತೀರಲ್ಲ, ಬೇರೆ ಸೌಟು ಅದಕ್ಕೆ ತಾಗೋ ಮುಂಚೆ ನನ್ನ ಡಬ್ಬಿಗೆ ನಾನೇ ಹಾಕ್ಕೊಳ್ಳಬಹುದಾ? ಸೌಟೂ ನಂದೇ ತರ್ತೀನಿ."

ಒಳಗೆ ಪಾತ್ರೆ ಸರಿಸುವ ಸದ್ದಾಯಿತು. ಆ ಹೊತ್ತಿನಲ್ಲಿ ನಾನು ಬೆಂಚಿನಿಂದ ಎರಡು ಸಲ ಎದ್ದೆ. ಡಾಕ್ಟರ ಚೀಟಿ, ನಾನು ದುಂಡಗಿನ ಅಕ್ಷರದಲ್ಲಿ ಬರೆದ ಎರಡು ಪುಟದ ಸೂಚನೆ, ಎಲ್ಲ ಅಂಗಿಯ ಜೇಬಿನಲ್ಲಿತ್ತು. ಒಳಗೆ ಹೋಗಿ ನಾಲ್ಕು ಮಾತಿನಲ್ಲಿ ಆ ಹೆಂಗಸಿನಿಂದ 'ಆಯ್ತು' ಅನ್ನಿಸಿಬಿಡುವುದು ನನಗೆ ಕಷ್ಟವಿರಲಿಲ್ಲ. ಎರಡು ಸಲವೂ ಕೂತೆ.

"ಬೆಳಿಗ್ಗೆ ಏಳಕ್ಕೆ ಅನ್ನ ಇಳೀತದೆ" ಎಂದಿತು ಕೊನೆಗೆ ಆ ದನಿ. "ಅಷ್ಟೊತ್ತಿಗೆ ಬಂದು ನಿಂತ್ರೆ ಕೊಡ್ತೀನಿ. ತಡ ಮಾಡಿದ್ರೆ ಇಲ್ಲ. ಸಾರು, ಪಲ್ಯ ಕೇಳಬೇಡ. ಆಗಲ್ಲ ಅಂದ್ರೆ ಆಗಲ್ಲ."

"ಏಳಕ್ಕೆ ಬರ್ತೀನಿ."

ಚೈತ್ರಾ ಹೊರಗೆ ಬಂದಳು. "ಅಪ್ಪಾ, ಅನ್ನ ಆಗುತ್ತೆ, ಮೊಸರು ನಾನೇ ತಗೋತೀನಿ. ಉಳಿದದ್ದು ರೂಮಲ್ಲಿ ನೋಡ್ಕೋತೀನಿ. ಆಯಮ್ಮ ಒಳ್ಳೆಯವರು, ಆಗದ್ದನ್ನ ಆಗಲ್ಲ ಅಂತಾನೇ ಹೇಳ್ತಾರೆ" ಎಂದಳು.

ಇಂಜೆಕ್ಷನ್ನು ಎಲ್ಲಿಟ್ಟಿದ್ದೀಯ ಎಂದು ಕೇಳಿದೆ. ಭುಜದ ಚೀಲ ತಟ್ಟಿ ತೋರಿಸಿದಳು. ರೂಮಿನ ಜೊತೆಯ ಹುಡುಗಿಗೆ ಚುಚ್ಚಲು ಕಲಿಸಿದ್ದೀಯಾ ಎಂದೆ. ಸಾಮಾನು ಇಡಲು ಹೋದಾಗಲೇ ಕಲಿಸಿದ್ದಳು. ಇನ್ನು ಕೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಕಾಲು ಆ ಕಡೆಗೇ ಎಳೆಯುತ್ತಿತ್ತು. ಮಗಳ ತಲೆ ಮುಟ್ಟಿ, ಗೇಟು ದಾಟಿ, ಬಸ್‌ಸ್ಟ್ಯಾಂಡಿನ ಕಡೆ ನಡೆದೆ.