ಬೇಲಿ ಕಾಯುವವನಿಗೆ ಮ್ಯಾನೇಜರ್ ಪಟ್ಟ

ಗಡಿಯಾಚೆ, ಮಲಯಾಳ ಸೀಮೆಯ ಬೇಗೂರು ಕಾಡಿನಂಚಿನ ಒಂದು ರೆಸಾರ್ಟು ಮಾದಯ್ಯನವರಿಗೆ ಕೊಟ್ಟ ಹುದ್ದೆಯ ಹೆಸರು ಗೌರವವಲ್ಲ, ಬಲೆ. ಅದನ್ನು ಹೆಣೆದವರು ಅಲ್ಲಿನ ನಿರ್ದೇಶಕರು. ಟೈಪ್ ಮಾಡಿದವಳು ನಾನು.

ಎರಡು ವರ್ಷಗಳ ಹಿಂದೆ, ಎಂಬಿಎ ಮುಗಿಸಿದ ಕೂಡಲೇ, ಅಲ್ಲಿ ಎಚ್‌ಆರ್ ಎಕ್ಸಿಕ್ಯೂಟಿವ್ ಆಗಿ ಸೇರಿದೆ. ಎಕ್ಸಿಕ್ಯೂಟಿವ್ ಎಂದರೆ ಹಾಜರಿ ಪುಸ್ತಕ, ಆದೇಶಪತ್ರ ಮತ್ತು ಅತಿಥಿಗಳಿಗೆ ಹೂಗುಚ್ಛ. ಮಾದಯ್ಯ ಆನೆ ತಡೆಯುವ ಸೌರ ವಿದ್ಯುತ್ ಬೇಲಿಯನ್ನು ಹನ್ನೆರಡು ವರ್ಷ ಕಾದವರು. ಪ್ರತಿ ಸಂಜೆ ಬೇಲಿಯುದ್ದಕ್ಕೂ ನಡೆದು, ಹಸಿ ಹುಲ್ಲಿನ ಎಸಳನ್ನು ತಂತಿಗೆ ತಾಗಿಸಿ, ಬೆರಳಿಗೆ ಬರುವ ಚುರುಕಿನಿಂದಲೇ ವಿದ್ಯುತ್ತಿನ ಬಲ ತಿಳಿಯುತ್ತಿದ್ದರು. ಮೀಟರು ಎಂದೋ ಕೆಟ್ಟಿತ್ತು.

ಒಂದು ದಿನ ನಿರ್ದೇಶಕರ ಆದೇಶದಂತೆ ಅವರು ‘ವೈಲ್ಡ್‌ಲೈಫ್ ರಿಸ್ಕ್ ಮ್ಯಾನೇಜರ್’ ಆದರು; ಕೆಲಸ ಮಾತ್ರ ಅದೇ ಬೇಲಿ ಕಾಯುವುದು. ವಿಸಿಟಿಂಗ್ ಕಾರ್ಡನ್ನು ತಿರುಗಿಸಿ ನೋಡಿ, “ಇದ್ಯಾಕವ್ವ ನಂಗೆ? ಆನೆ ಬಂದ್ರೆ ತೋರ್ಸದಾ?” ಎಂದರು.

ಅಡುಗೆಯ ಜೋಸ್ ಅಂದಿನಿಂದ, ಚಹಾ ಬೇಕೋ ಎಂದು ತನ್ನ ಮಲಯಾಳದಲ್ಲಿ ಛೇಡಿಸತೊಡಗಿದ: “ಮ್ಯಾನೇಜರ್ ಸಾರೇ, ಚಾಯ ವೇಣೋ?”

“ಬೇಗ ತತ್ತಾರ್ಲಾ, ಇಲ್ದಿದ್ರೆ ಮೆಮೊ ಕೊಟ್ಟೇನು!” ಎನ್ನುತ್ತಿದ್ದರು ಮಾದಯ್ಯ.

ಮಳೆಗಾಲ ಹಿಡಿದ ಮೇಲೆ ಮಾದಯ್ಯ ನನ್ನ ಮೇಜಿನ ಬಳಿ ಬಂದರು. ಕಚೇರಿಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. “ಬೇಲಿ ಬ್ಯಾಟ್ರಿ ಪೋಯಿ ಮೇಡಂ, ಕೆಟ್ಟೋಯ್ತು. ಹುಲ್ಲು ಮುಟ್ಸಿದ್ರೆ ಚುರುಕ್ಕೇ ಅನ್ನಕಿಲ್ಲ.”

ನಿರ್ದೇಶಕರಿಗೆ ತಿಳಿಸಿದೆ. “ಅವರು ಮ್ಯಾನೇಜರ್ ಅಲ್ಲವೇ? ಪೋರ್ಟಲ್‌ನಲ್ಲಿ ಇಂಗ್ಲಿಷಿನಲ್ಲಿ ಬೇಡಿಕೆ ಸಲ್ಲಿಸಲಿ,” ಎಂದರು. ಮಾದಯ್ಯನವರಿಗೆ ಪೋರ್ಟಲ್ ಪ್ರವೇಶವನ್ನೇ ಕೊಟ್ಟಿರಲಿಲ್ಲ. ಅವರು ಇನ್ನೆರಡು ಸಲ ಬಂದರು. ನನ್ನ ವಿಭಾಗದ ಕೆಲಸವಲ್ಲವೆಂದು ನಾನೂ ಬೇಡಿಕೆ ಸಲ್ಲಿಸಲಿಲ್ಲ.

ಅವರು ಮೊದಲ ಸಲ ಹೇಳಿದ ಒಂಬತ್ತನೆಯ ದಿನ ಬೆಳಗ್ಗೆ ಆನೆ ಬೇಲಿ ದಾಟಿ ಅಡುಗೆಮನೆಯ ಗೋಡೆ ಕೆಡವಿತು. ಒಳಗಿದ್ದ ಜೋಸ್‌ನ ಕಾಲು ಮುರಿಯಿತು.

ಅದೇ ವಾರ ಮಾದಯ್ಯ ವಜಾ. ಅಪಾಯ ನಿರ್ವಹಣೆ ಅವರ ಹೊಣೆಯಾಗಿತ್ತೆಂದು ಪತ್ರ ಹೇಳಿತು. ವಿಚಾರಣೆ ನಡೆಯಲಿಲ್ಲ, ಕಾನೂನು ಕಾರ್ಮಿಕನಿಗೆ ಕೊಡುವ ರಕ್ಷಣೆ ಮ್ಯಾನೇಜರಿಗಿಲ್ಲವೆಂದು ನಿರ್ದೇಶಕರು ವಿವರಿಸಿದರು. ಹುದ್ದೆಯ ಹೆಸರಲ್ಲ, ನಿಜವಾಗಿ ಮಾಡುವ ಕೆಲಸ ನೋಡಬೇಕೆಂದು ತರಗತಿಯಲ್ಲಿ ಓದಿದ್ದೆ. ಆದರೂ ಆ ಪತ್ರವನ್ನೂ ಟೈಪ್ ಮಾಡಿದವಳು ನಾನೇ.

ಬೇಲಿಯ ಬೀಗದ ಕೈ ಒಪ್ಪಿಸುತ್ತ ಮಾದಯ್ಯ ಅಂದರು: “ಮೊದ್ಲು ಬ್ಯಾಟ್ರಿ ಹಾಕ್ಸಿ ಮೇಡಂ. ಜೋಸ ವಾಸಿಯಾಗಿ ಬಂದ್ರೆ ಆ ಅಡ್ಗೆಮನೇಲೇ ತಾನೆ ನಿಂತ್ಕೊಳಾದು?”

ಮುಂದಿನ ತಿಂಗಳು ನಾನೂ ಕೆಲಸ ಬಿಟ್ಟೆ. ಹುದ್ದೆಯ ತೂಕ ಅರಿಯಬೇಕಾದರೆ ಕಾರ್ಡು ನೋಡಬಾರದು, ಅದರಲ್ಲಿರುವವರ ಮಾತಿಗೆ ಏನು ಬರುತ್ತದೆಂದು ನೋಡಬೇಕು: ಆ ಕೆಲಸ ಕಲಿಸಿದ್ದು ಇಷ್ಟು. ಮಾದಯ್ಯನವರ ಮಾತಿಗೆ ಒಂದು ಬ್ಯಾಟರಿಯೂ ಬರಲಿಲ್ಲ.

ಆದ್ದರಿಂದ, ನಿರ್ದೇಶಕರೇ, ಈ ಮೂಲಕ ಕೋರುತ್ತೇನೆ. ಆ ಮ್ಯಾನೇಜರಿಗೆ ತಾವು ಕೊಟ್ಟಿದ್ದ ಅಧಿಕಾರ ಯಾವುದು, ಲಿಖಿತವಾಗಿ ತಿಳಿಸಿ. ವಜಾ ಆದೇಶ ಹಿಂಪಡೆದು ಅವರನ್ನು ಮರಳಿ ಕೆಲಸಕ್ಕೆ ಕರೆಯಿರಿ, ವಿಚಾರಣೆ ನಡೆಸಿ. ಸಾಕ್ಷಿಯಾಗಿ ನನ್ನನ್ನೂ ಕರೆಯಿರಿ. ಅವರು ಮೂರು ಸಲ ಎಚ್ಚರಿಸಿದ್ದನ್ನು ಕೇಳಿದವಳು ನಾನು.