ದೇವಿಂದ್ರಪ್ಪನ ಲೋಟದ ಪರೀಕ್ಷೆ

ಮಂಠಾಳದಲ್ಲಿ ದೇವಿಂದ್ರಪ್ಪನ ಕಾರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಇಪ್ಪತ್ತಾರು ವರ್ಷದ ಡೀಸೆಲ್ ಗಾಡಿ. ಬಣ್ಣ ಬಿಳಿ ಎಂದು ಕಾಗದದಲ್ಲಿತ್ತು, ಗಾಡಿಯ ಮೇಲೆ ಅಲ್ಲಲ್ಲಿ ಮಾತ್ರ ಉಳಿದಿತ್ತು. ಊರಿನ ಪಡ್ಡೆಗಳು ಅದಕ್ಕೆ ‘ಗಿರಣಿ’ ಎಂದು ಹೆಸರಿಟ್ಟಿದ್ದರು. ಅವನಿಗೆ ಅದರಿಂದ ಸಿಟ್ಟೇನೂ ಬರುತ್ತಿರಲಿಲ್ಲ. “ಗಿರಣಿ ಇದ್ದಲ್ಲೇ ಇರ್ತದ. ನಂದು ಹುಮನಾಬಾದಿಗೂ ಹೋಗ್ತದ” ಎನ್ನುತ್ತಿದ್ದ. ಬಸವಕಲ್ಯಾಣದ ಸಂತೆಗೆ, ಹುಮನಾಬಾದಿನ ದವಾಖಾನೆಗೆ, ಮದುವೆ ಮನೆಗೆ ಜನರನ್ನು ಕರೆದೊಯ್ಯುವುದು ಅವನ ಹೊಟ್ಟೆಪಾಡು.

ಆ ಗಾಡಿಯನ್ನು ಅವನು ಯಾವ ಮೇಸ್ತ್ರಿಯ ಕೈಗೂ ಕೊಟ್ಟವನಲ್ಲ. ಅದಕ್ಕೊಂದು ಕಾರಣವಿತ್ತು. ಇಪ್ಪತ್ತರ ಹರೆಯದಲ್ಲಿ ಅವನು ಲಾರಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಲಾರಿ ನಿಂತಿತ್ತು, ಬಿಸಿಲು ಸುಡುತ್ತಿತ್ತು, ಇವನು ನೀರು ಕೇಳಿದ. ಮಡಕೆಯ ಮೇಲೆ ಲೋಟ ಬೋರಲು ಹಾಕಿತ್ತು. ಗ್ಯಾರೇಜಿನವನು ಊರು ಕೇಳಿದ, ಓಣಿ ಕೇಳಿದ, ಆಮೇಲೆ ಲೋಟ ಮುಟ್ಟಗೊಡದೆ ಇವನ ಬೊಗಸೆಗೆ ಮೇಲಿಂದ ನೀರು ಹೊಯ್ದ. ನೀರಡಿಕೆ ಕೆಟ್ಟದ್ದು, ಇವನು ಕುಡಿದ. ಹೊಯ್ದದ್ದಕ್ಕಿಂತ ತಾನು ಕುಡಿದದ್ದೇ ಅವನನ್ನು ಜೀವಮಾನವಿಡೀ ಕೊರೆಯಿತು. ಮುಂದಿನ ಪಗಾರದಲ್ಲಿ ಬಸವಕಲ್ಯಾಣದಿಂದ ಒಂದು ಸ್ಟೀಲ್ ಲೋಟ ತಂದು, ಅದರ ಮೇಲೆ ತನ್ನ ಹೆಸರು ಕೆತ್ತಿಸಿದ. ನಟ್ಟು ಬೋಲ್ಟು ಒಂದೊಂದನ್ನೂ ತಾನೇ ಕಲಿತ. ಯಾರನ್ನೂ ಏನೂ ಕೇಳಬಾರದು ಎಂಬುದು ಅಲ್ಲಿಂದ ಅವನ ಧರ್ಮವಾಯಿತು.

ಹಳೇ ಗಾಡಿಗಳಿಗೆ ಒಂದು ರೋಗವಿದೆ. ಎಂಜಿನ್ ಮೂರು ಕಡೆ ರಬ್ಬರಿನ ಗಟ್ಟಿಗಳ ಮೇಲೆ ಕೂತಿರುತ್ತದೆ. ಎಂಜಿನ್ನಿನ ನಡುಕ ಸೀಟಿಗೆ ಬರದಂತೆ ಹೀರಿಕೊಳ್ಳುವುದು ಆ ರಬ್ಬರಿನ ಕೆಲಸ. ವಯಸ್ಸಾದಂತೆ ಅದು ಸೀಳುತ್ತದೆ, ಎಂಜಿನ್ ಧಡ್ ಎಂದು ಕಬ್ಬಿಣಕ್ಕೆ ಬಡಿಯುತ್ತದೆ. ದೇವಿಂದ್ರಪ್ಪ ಪ್ರತಿ ಸಲ ಅದನ್ನು ಬಿಚ್ಚಿ, ತನ್ನದೇ ರೀತಿಯಲ್ಲಿ ತುಂಬಿ ಕೂರಿಸುತ್ತಿದ್ದ. ಕೆಲಸ ಮುಗಿದ ಮೇಲೆ ಪರೀಕ್ಷೆ. ಅಂಚಿನ ತನಕ ನೀರು ತುಂಬಿದ ಆ ಲೋಟವನ್ನು ಬಾನೆಟ್ಟಿನ ಮೇಲಿಟ್ಟು ಗಾಡಿ ಚಾಲೂ ಮಾಡಬೇಕು. ಹನಿ ಚೆಲ್ಲದಿದ್ದರೆ ಪಾಸು. ನೀರು ತಂದಿಡುವುದು ಇಪ್ಪತ್ತು ವರ್ಷದಿಂದಲೂ ಹೆಂಡತಿ ಅಂಬುಬಾಯಿಯ ಪಾಲಿನ ಕೆಲಸ. ಬೇರೆ ಯಾರಾದರೂ ತಂದರೆ ಅವನಿಗೆ ಸಮಾಧಾನವಿರಲಿಲ್ಲ.

ಹೋದ ವರ್ಷ ಅಂಬುಬಾಯಿಯ ಬೆನ್ನೆಲುಬಿಗೆ ಕ್ಯಾನ್ಸರ್ ಹತ್ತಿತು. ಪ್ರತಿ ಸೋಮವಾರ ಹುಮನಾಬಾದಿನ ದವಾಖಾನೆಗೆ ಒಯ್ಯಬೇಕಾಯಿತು. ಸಣ್ಣ ಅಲುಗಾಟಕ್ಕೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಸರಿಯಾಗಿ ಅದೇ ವೇಳೆಗೆ ಗಾಡಿಯ ಮುಂದಿನ ರಬ್ಬರು ಸೀಳಿತು. ಅಂಬುಬಾಯಿ ಅಲುಗದಂತೆ ಹೋಗಿ ಬರಬೇಕು. ಅವನಿಗೆ ಉಳಿದಿದ್ದು ಅದೊಂದೇ ಚಿಂತೆ.

ಆ ಮಾದರಿಯ ಅಸಲಿ ರಬ್ಬರು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ನಕಲಿಯವು ಮೂರು ತಿಂಗಳಿಗೆ ಸೀಳುತ್ತಿದ್ದವು. ದೇವಿಂದ್ರಪ್ಪ ಕಲ್ಲಿನ ಕ್ರಷರಿನಲ್ಲಿ ಬಿಸಾಡಿದ್ದ ಬೆಲ್ಟನ್ನು ತುಂಡು ಮಾಡಿ, ಹಳೇ ರಬ್ಬರಿನ ಸಂದುಗಳಿಗೆ ಬಡಿದು ತುಂಬಿದ. ಮೇಲೆ ಗಾಜು ಅಂಟಿಸುವ ಗೋಂದು ಸುರಿಯಬೇಕಿತ್ತು. ಗೋಂದು ತರಲು ಬಸವಕಲ್ಯಾಣದಲ್ಲಿ ಕಾರಿನ ಗಾಜು ಕೂರಿಸುವ ಫೈಜಲನ ಅಂಗಡಿಗೆ ಹೋದ.

“ಚಾಚಾ, ಇದು ಭಾಳ ಕಡಕ್ ಆಗ್ತದರಿ,” ಎಂದ ಫೈಜಲ. “ಎಂಜಿನ್ ಅಲ್ಲಾಡಂಗಿಲ್ಲ ಖರೆ. ಆದ್ರ ನಡುಕ ಸೀದಾ ಸೀಟಿಗೆ ಬರ್ತದ.”

“ಗಟ್ಟಿ ಇದ್ದದ್ದೇ ಬಾಳಿಕಿ ಬರ್ತದೋ. ನನಗ ಕಲಿಸಾಕ ಬರಬ್ಯಾಡ.”

ಏಳು ದಿನ ಗೋಂದು ಒಣಗಿತು. ಪರೀಕ್ಷೆಯ ದಿನ ಅಂಬುಬಾಯಿ ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಲೋಟವನ್ನು ಸೆರಗಿನಡಿ ಎದೆಗವಚಿಕೊಂಡು ಬಂದಳು. ಸೊಸೆ ಆಮ್ರಪಾಲಿ ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ. ತಾನೇ ಬಾನೆಟ್ಟಿನ ಮೇಲಿಟ್ಟು, ಆಸರೆಗೆಂಬಂತೆ ಲೋಟದ ಹಿಂದೆ ಕೈ ಒತ್ತಿ ನಿಂತಳು. ದೇವಿಂದ್ರಪ್ಪ ಒಳಗೆ ಕೂತು ಗಾಡಿ ಚಾಲೂ ಮಾಡಿದ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಲೋಟದ ಮೈ ಮತ್ತು ಅದರ ಮೇಲಿನ ತನ್ನ ಹೆಸರು.

“ನೋಡ್ರಿ, ಒಂದು ಹನಿ ಸೈತ ಚೆಲ್ಲಲಿಲ್ಲ” ಎಂದಳು ಅಂಬುಬಾಯಿ. ಅವನು ಇಳಿದು ಬರುವಷ್ಟರಲ್ಲಿ ಆ ನೀರನ್ನು ನುಗ್ಗೆಗಿಡದ ಬುಡಕ್ಕೆ ಸುರಿದಾಗಿತ್ತು.

ಅಂದಿನಿಂದ ಹನ್ನೊಂದು ಸೋಮವಾರ ಹೋಗಿ ಬಂದರು. ಹಿಂದಿನ ಸೀಟಿನ ಮೇಲೆ ಕೌದಿ ಹಾಸಿ ಅವಳನ್ನು ಮಲಗಿಸುತ್ತಿದ್ದರು, ತಲೆಯ ಕಡೆ ಆಮ್ರಪಾಲಿ ಕೂರುತ್ತಿದ್ದಳು. ಹುಮನಾಬಾದಿನ ಮೊಂಡಾ ಎಂಬ ಕಾಳಿನ ಮಾರುಕಟ್ಟೆಯ ಎದುರು ಲಾರಿಗಳು ಸಾಲುಗಟ್ಟಿದರೆ ಅರ್ಧ ತಾಸು ನಿಲ್ಲಬೇಕು. ಬಿಸಿ ಎಂಜಿನ್ ಒಮ್ಮೆ ಬಂದ್ ಆದರೆ ಬೇಗ ಮತ್ತೆ ಚಾಲೂ ಆಗುತ್ತಿರಲಿಲ್ಲ, ಹಾಗಾಗಿ ಬಂದ್ ಮಾಡುವಂತಿರಲಿಲ್ಲ. ನಿಂತಲ್ಲೇ ಗಾಡಿ ನಡುಗುತ್ತಿತ್ತು. ಅಷ್ಟು ವರ್ಷ ಓಡಿಸಿದ ಅವನ ಮೈಗೆ ಆ ನಡುಕ ತಿಳಿಯುತ್ತಲೇ ಇರಲಿಲ್ಲ. ಕನ್ನಡಿಯಲ್ಲಿ ನೋಡಿ ಕೇಳುತ್ತಿದ್ದ.

“ಹ್ಯಾಂಗದ?”

“ತೊಟ್ಟಿಲದಾಗ ಮಲಗಿದಂಗ ಅದ್ರಿ.”

ಆ ಮಾತಿಗೆ ಅವನು ಹಿಗ್ಗುತ್ತಿದ್ದ. ಫೈಜಲನ ಅಂಗಡಿಯ ಮುಂದೆ ಬೇಕೆಂದೇ ಗಾಡಿ ನಿಲ್ಲಿಸಿ, “ತೊಟ್ಟಿಲ ಅಂತಾಳ ನಮ್ಮಾಕಿ, ಕೇಳಿದೇನು?” ಎಂದು ಚುಡಾಯಿಸಿ ಬರುತ್ತಿದ್ದ. ತನಗೆ ಬೇಡವಾದದ್ದು ಕಿವಿಗೆ ಬಿದ್ದರೂ ಎದೆಗೆ ಬೀಳದ ಗಂಡಸು ಅವನು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಹನ್ನೆರಡನೆಯ ಸೋಮವಾರ ಬರುವ ಮೊದಲೇ, ಒಂದು ಬೆಳಗ್ಗೆ, ಅಂಬುಬಾಯಿ ತೀರಿಕೊಂಡಳು. ಬಿಳಿ ಬಟ್ಟೆಯ ಜನ ಬಂದರು, ಮೇಣದ ಬತ್ತಿ ಹಚ್ಚಿದರು, ಬುದ್ಧವಂದನೆ ಹೇಳಿದರು. ದೇವಿಂದ್ರಪ್ಪ ಅತ್ತ. ಆದರೆ ಬಂದವರ ಮುಂದೆಲ್ಲ, “ಜಡ್ಡು ನನ್ನ ಕೈಯಾಗ ಇರಲಿಲ್ಲ. ದಾರಿ ಇತ್ತು. ದಾರಿ ಸುಖ ಮಾಡಿಕೊಟ್ಟೀನಿ” ಎಂದು ಹೇಳುತ್ತಿದ್ದ. ಆ ಒಂದು ಮಾತನ್ನು ಹಿಡಿದುಕೊಂಡೇ ಅವನು ಎದ್ದು ಕೂತದ್ದು, ರೊಟ್ಟಿ ತಿಂದದ್ದು. ಅವನು ಅದನ್ನು ಹೇಳಿದಾಗಲೆಲ್ಲ ಆಮ್ರಪಾಲಿ ಎದ್ದು ಒಳಗೆ ಹೋಗುತ್ತಿದ್ದಳು.

ತಿಂಗಳು ಕಳೆದ ಮೇಲೆ ನೆರೆಯ ಗೋವರ್ಧನ ಬಂದ. ಅವನ ತಾಯಿ ಜಾರಿ ಬಿದ್ದು ಸೊಂಟ ಮುರಿದಿತ್ತು, ಹುಮನಾಬಾದಿಗೆ ಒಯ್ಯಬೇಕಿತ್ತು. “ಗಾಡಿ ಭಾಳ ಕುಲುಕ್ತದೇನು ಕಾಕಾ?” ಎಂದು ಕೇಳಿದ. ದೇವಿಂದ್ರಪ್ಪನಿಗೆ ರೇಗಿತು. “ಕುಲುಕ್ತದಾ? ತಡಿ, ತೋರಸ್ತೀನಿ. ಆಮ್ರಪಾಲಿ, ಲೋಟಾ ತುಂಬಿ ತಾ!”

ಅವಳು ತಂದು ಬಾನೆಟ್ಟಿನ ಮೇಲಿಟ್ಟಳು. ಅವನು ಗಾಡಿ ಚಾಲೂ ಮಾಡಿದ. ನೀರು ಅಂಚು ದಾಟಿ ಚೆಲ್ಲಿತು, ಬಾನೆಟ್ಟಿನ ಮೇಲೆ ಹರಿದು ಮುಂದಕ್ಕೆ ಇಳಿಯಿತು. ಲೋಟವೇ ತಕಪಕ ಕುಣಿಯುತ್ತ ಜರುಗಿ ನೆಲಕ್ಕೆ ಬಿತ್ತು.

“ಅಷ್ಟ್ಯಾಕ ತುಂಬಿದಿ?” ಎಂದು ಗದರಿದ.

“ಅಂಚಿನ ತನಕ ತುಂಬಬೇಕಂತ ನೀವೇ ಹೇಳ್ತೀರಲ್ರಿ ಮಾವಾ.”

“ಮತ್ತ ನಿಮ್ಮತ್ತಿ ತುಂಬಿದಾಗ ಹ್ಯಾಂಗ ಚೆಲ್ಲಲಿಲ್ಲ?”

ಆಮ್ರಪಾಲಿ ಬಿದ್ದ ಲೋಟವನ್ನು ಎತ್ತಿಕೊಂಡಳು. ಇನ್ನು ಮುಚ್ಚಿಡುವುದು ಅವಳಿಂದ ಆಗಲಿಲ್ಲ. “ಅತ್ತಿ ಆವತ್ತು ಅರ್ಧಾನೇ ತುಂಬಿದ್ರು. ಹೇಳಬ್ಯಾಡ ಅಂತ ನನ್ನ ಕೈಮ್ಯಾಲ ಆಣಿ ತಗೊಂಡಿದ್ರು. ‘ಅವರು ಜೀವಮಾನದಾಗ ಒಬ್ಬರ ಮುಂದನೂ ಕೈ ಒಡ್ಡಿಲ್ಲ, ನನ್ನ ಸಲುವಾಗಿ ಒಡ್ಡೋದು ಬ್ಯಾಡ. ಬಾಯಾಗ ಸೆರಗು ಹಿಡಕೊಂಡ್ರ ದಾರಿ ಸರೀತದ’ ಅಂದ್ರು. ಲಾರಿ ಸಾಲಿನಾಗ ನಿಂತಾಗ ಸೆರಗು ಕಚ್ಚಿ ಕಚ್ಚಿ ಹರದಾದ್ರಿ. ಆ ಸೀರಿ ಇನ್ನಾ ಟ್ರಂಕಿನಾಗ ಅದ.”

ಗೋವರ್ಧನ ಸದ್ದಿಲ್ಲದೆ ಹೋಗಿ ಬೇರೆ ಗಾಡಿ ನೋಡಿಕೊಂಡ. ದೇವಿಂದ್ರಪ್ಪ ಎಂಜಿನ್ ಬಂದ್ ಮಾಡಲೂ ಮರೆತು, ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಆ ನಡುಕ ಅವನಿಗೆ ಅಂದು ಮೊದಲ ಸಲ ಮೈಯೆಲ್ಲ ತಿಳಿಯಿತು. ಹನ್ನೊಂದು ಸೋಮವಾರ ಹೋಗಲು, ಹನ್ನೊಂದು ಸೋಮವಾರ ಬರಲು. ತನ್ನ ಕೈಯಾರೆ ಬಡಿದು ತುಂಬಿದ ಕಲ್ಲಿನಂಥ ರಬ್ಬರು.

ಮರುದಿನ ಬಸವಕಲ್ಯಾಣಕ್ಕೆ ಹೋಗಿ ಫೈಜಲನ ಮುಂದೆ ನಿಂತ. “ನಡುಕ ಬರಲಾರದಂಗ ಮಾಡೋದು ಹ್ಯಾಂಗ, ಹೇಳಿಕೊಡು” ಎಂದ. ಗ್ಯಾರೇಜಿನ ಆ ಬೊಗಸೆ ನೀರಿನ ನಂತರ, ಅರವತ್ತರ ಹತ್ತಿರ ಬಂದ ಮೇಲೆ, ಅವನು ಒಬ್ಬರನ್ನು ಕೇಳಿದ್ದು ಅದೇ ಮೊದಲು. ಫೈಜಲ ಹಿಂದಿನದನ್ನು ಎತ್ತಿ ಆಡಲಿಲ್ಲ. ಕುರ್ಚಿ ಕೊಟ್ಟ, ಲೋಟದಲ್ಲಿ ನೀರು ಕೊಟ್ಟ. “ಮುಲಾಯಮ್ ರಬ್ಬರ್ ಹಾಕ್ರಿ ಚಾಚಾ. ಪೂರಾ ತುಂಬಬ್ಯಾಡ್ರಿ, ನಡುವ ಜರಾ ಖಾಲಿ ಜಾಗಾ ಬಿಡ್ರಿ. ನಡುಕ ಅಲ್ಲೇ ಸಾಯ್ತದ.” ಇಷ್ಟೇ ಇತ್ತು ಹೇಳಿಕೊಡುವುದು. ಒಂದು ಚಹಾ ಕುಡಿಯುವಷ್ಟು ಹೊತ್ತಿನ ಮಾತು.

ಬೆಲ್ಟಿನ ತುಂಡುಗಳನ್ನೆಲ್ಲ ಕಿತ್ತು, ಹೊಸದಾಗಿ ತುಂಬಿ, ಮತ್ತೆ ಏಳು ದಿನ ಕಾದ. ಈ ಸಲ ನೀರನ್ನು ಅಂಚಿನವರೆಗೆ ತಾನೇ ತುಂಬಿದ, ಬಾನೆಟ್ಟಿನ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದ. ಹನಿ ಚೆಲ್ಲಲಿಲ್ಲ. ಸಂತೋಷವೇನೂ ಆಗಲಿಲ್ಲ.

ಸೋಮವಾರ ಬಾಡಿಗೆಯಿಲ್ಲದೆ ಹುಮನಾಬಾದಿಗೆ ಹೊರಟ. ಹಿಂದಿನ ಸೀಟಿನ ಮೇಲೆ ಕೌದಿ ಹಾಗೇ ಇತ್ತು. ಮೊಂಡಾದ ಎದುರು ಲಾರಿಗಳು ನಿಂತಿದ್ದವು, ಅರ್ಧ ತಾಸು ನಿಂತ. ಎಂಜಿನ್ ಚಾಲೂ ಇದ್ದರೂ ಗಾಡಿ ನಡುಗಲಿಲ್ಲ. ಕನ್ನಡಿಯಲ್ಲಿ ನೋಡಿದ.

ದವಾಖಾನೆಯ ಬಾಗಿಲಲ್ಲಿ ಎಂದಿನಂತೆ ಇಳಿದು ಹಿಂದಿನ ಬಾಗಿಲು ತೆರೆದು ನಿಂತ. ಗುರುತಿನ ಕಾವಲುಗಾರ ಗಾಲಿಕುರ್ಚಿ ತಳ್ಳಿಕೊಂಡು ಬಂದು, ಖಾಲಿ ಕೌದಿ ನೋಡಿ ಕೇಳಿದ.

“ಅವ್ವಾರು ಎಲ್ಲಿ ಅದಾರ್ರಿ?”

“ಇಲ್ಲಪಾ,” ಎಂದ ದೇವಿಂದ್ರಪ್ಪ. “ಗಾಡಿ ರಿಪೇರಿ ಆಗ್ಯಾದ. ಆಕಿಗೆ ತೋರಸಬೇಕಂತ ಬಂದೀನಿ.”